ಉಳಿದ ತೆರಿಗೆ ಮನೆಯಲ್ಲೇ ಉಳಿಯಲಿ ಎಂದು ನಾವು ಮಾಡಿದ್ದು

ನಮ್ಮ ಮನೆಗೆ ಎರಡು ಸಂಬಳ ಬರುತ್ತವೆ. ಯಜಮಾನರು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದಾರೆ. ನಾನು ಕೋಲಾರದಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆಯ ಲೆಕ್ಕದ ಪುಸ್ತಕ ಮೊದಲಿನಿಂದಲೂ ನನ್ನ ಕೈಯಲ್ಲೇ ಇದೆ.

2025ರ ಫೆಬ್ರುವರಿ 1ರ ಬಜೆಟ್‌ನಲ್ಲಿ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಖುಷಿ. ತಮಾಷೆ ಏನೆಂದರೆ, ಅಲ್ಲಿ ಕೂತಿದ್ದವರಲ್ಲಿ ಒಬ್ಬರಿಗೂ ಅದರಿಂದ ಒಂದು ರೂಪಾಯಿ ಲಾಭ ಇರಲಿಲ್ಲ. ನನ್ನ ಸಂಬಳ ತಿಂಗಳಿಗೆ 27,000. ಇಷ್ಟು ಆದಾಯಕ್ಕೆ ಮೊದಲೂ ತೆರಿಗೆ ಸೊನ್ನೆ, ಈಗಲೂ ಸೊನ್ನೆ. ನಮ್ಮಿಂದ ಕಟ್ ಆಗುವುದು ರಾಜ್ಯದ ವೃತ್ತಿ ತೆರಿಗೆ, ತಿಂಗಳಿಗೆ 200 ರೂಪಾಯಿ. ಅದು ಇಳಿಯಲಿಲ್ಲ. ಬದಲಿಗೆ ಫೆಬ್ರುವರಿಯಲ್ಲಿ ಮಾತ್ರ 300 ಆಯಿತು.

ಲಾಭ ಯಾರಿಗೆ ಅನ್ನುವುದು ಗೊತ್ತಾಗಬೇಕಾದರೆ ಆಗಿನ ಕಾನೂನಿನ 87ಎ ರಿಬೇಟ್, ಅಂದರೆ ಲೆಕ್ಕ ಹಾಕಿದ ತೆರಿಗೆಯಲ್ಲಿ ಸರ್ಕಾರ ಬಿಟ್ಟುಕೊಡುವ ಮೊತ್ತ, ಏನು ಅಂತ ತಿಳಿದಿರಬೇಕು. 2013ರಲ್ಲಿ ಇದು ಶುರುವಾದಾಗ ಸಿಗುತ್ತಿದ್ದದ್ದು 2,000 ರೂಪಾಯಿ. 2019ರಲ್ಲಿ 12,500 ಆಯಿತು. 2023ರಲ್ಲಿ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಆದರೆ ಹಳೆಯದರ ಹೆಚ್ಚಿನ ಕಡಿತಗಳು ಇಲ್ಲ) 7 ಲಕ್ಷದವರೆಗಿನ ಆದಾಯಕ್ಕೆ 25,000. 2025ರ ಏಪ್ರಿಲ್‌ನಿಂದ 12 ಲಕ್ಷದವರೆಗೆ 60,000. ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಪ್ರೂಫ್ ಇಲ್ಲದೆ ಸಂಬಳದಿಂದ ಕಳೆಯುವ ಮೊತ್ತ) ಬೇರೆ ಇದೆ. ಹಾಗಾಗಿ ತೆರಿಗೆ ಸೊನ್ನೆಯಾಗುವ ಅಂಚು 7.75 ಲಕ್ಷದಿಂದ 12.75 ಲಕ್ಷಕ್ಕೆ ಹೋಯಿತು. ತೆರಿಗೆ ಹೊಸದಾಗಿ ಸೊನ್ನೆಯಾದದ್ದು ಈ ಎರಡರ ನಡುವೆ ಸಂಬಳ ಇರುವವರಿಗೆ. ಅದಕ್ಕಿಂತ ಕೆಳಗಿನವರಿಗೆ ಏನೂ ಇಲ್ಲ.

ನಮ್ಮ ಯಜಮಾನರು ಆ ನಡುವೆಯೇ ಇದ್ದರು. ವರ್ಷದ ಸಂಬಳ 11,40,000. ಇದೇ ಸಂಬಳಕ್ಕೆ ಹಿಂದಿನ ವರ್ಷ, 2024–25ರಲ್ಲಿ, ನಾವು ಹಳೇ ಪದ್ಧತಿಯಲ್ಲಿದ್ದೆವು. ಮನೆ ಸಾಲದ ಬಡ್ಡಿ 1.9 ಲಕ್ಷ, 80ಸಿ (ಪಿಪಿಎಫ್, ಎಲ್‌ಐಸಿಯಂಥ ಉಳಿತಾಯಕ್ಕೆ ಸಿಗುವ ಕಡಿತ) 1.5 ಲಕ್ಷ, ಆರೋಗ್ಯ ವಿಮೆ 25,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400. ಇಷ್ಟೆಲ್ಲಾ ಕಳೆದು 7,22,600 ಉಳಿಯಿತು. ಸೆಸ್ (ತೆರಿಗೆಯ ಮೇಲಿನ ತೆರಿಗೆ) ಸೇರಿ ತೆರಿಗೆ ಸುಮಾರು 59,300. ಆ ವರ್ಷ ಹೊಸ ಪದ್ಧತಿಗೆ ಹೋಗಿದ್ದರೆ 62,140 ಆಗುತ್ತಿತ್ತು. ವ್ಯತ್ಯಾಸ ಮೂರು ಸಾವಿರವೂ ಇಲ್ಲ, ಆದರೂ ಹಳೆಯದೇ ವಾಸಿ ಇತ್ತು.

2025ರ ಏಪ್ರಿಲ್‌ನಲ್ಲಿ ಕಂಪನಿಯಿಂದ ಯಾವ ಪದ್ಧತಿ ಬೇಕು ಎಂಬ ಫಾರಂ ಬಂತು. ಅವತ್ತು ರಾತ್ರಿ ಊಟ ಆದ ಮೇಲೆ ಲೆಕ್ಕ ಹಾಕಿದೆವು. ಹೊಸ ಪದ್ಧತಿಯಲ್ಲಿ 75,000 ಕಳೆದು ಉಳಿದ 10,65,000ಕ್ಕೆ ತೆರಿಗೆ 46,500, ರಿಬೇಟ್ ಕೂಡ ಅಷ್ಟೇ. ಕಟ್ಟಬೇಕಾದ್ದು ಸೊನ್ನೆ. ಹಳೇ ಪದ್ಧತಿಯಲ್ಲೇ ಸೊನ್ನೆ ಆಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್, ವೃತ್ತಿ ತೆರಿಗೆ ಬಿಟ್ಟು ಸುಮಾರು 5.88 ಲಕ್ಷದ ಕಡಿತ ತೋರಿಸಬೇಕು. ನಮ್ಮಂಥವರಿಗೆ ಅದು ಎಲ್ಲಿಂದ ಬರಬೇಕು? ಹೊಸದಕ್ಕೆ ಟಿಕ್ ಹಾಕಿದೆವು. ಆ ತಿಂಗಳ ಪೇ ಸ್ಲಿಪ್‌ನಲ್ಲಿ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಕಾಲಂ ಖಾಲಿ. ಕೈಗೆ ಬಂದದ್ದು ತಿಂಗಳಿಗೆ ಸುಮಾರು 4,900 ಜಾಸ್ತಿ.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ತೆರಿಗೆ ಇಳಿದರೆ ಯಾರೂ ಬಂದು ಗಂಟು ಕೈಗೆ ಕೊಡುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಖಾತೆಗೆ ಬೀಳುತ್ತದೆ. ನೋಡದೆ ಬಿಟ್ಟರೆ ಬಂದ ದಾರಿಯಲ್ಲೇ ಹೋಗುತ್ತದೆ. ಅದೇ ಏಪ್ರಿಲ್ 1ರಂದು ಹಾಲು ಲೀಟರಿಗೆ 4 ರೂಪಾಯಿ ಏರಿತು. ನಮ್ಮ ಮನೆಗೆ ದಿನಕ್ಕೆ ಒಂದೂವರೆ ಲೀಟರ್, ಅಂದರೆ ತಿಂಗಳಿಗೆ 180. (ಅತ್ತೆಯ ತಮ್ಮ ಹಳ್ಳಿಯಲ್ಲಿ ಡೇರಿಗೆ ಹಾಲು ಹಾಕುತ್ತಾರೆ. ಅವರ ಎದುರು ಈ ಮಾತು ಆಡುವ ಹಾಗಿಲ್ಲ!) ಶಾಲೆಯಲ್ಲಿ ನನ್ನ ಪಕ್ಕ ಕೂರುವ ಟೀಚರಮ್ಮನ ಮನೆಯಲ್ಲೂ ಹಾಲಿನ ರೇಟು ಅಷ್ಟೇ ಏರಿತು, ಆದರೆ ಅವರಿಗೆ ಈ 4,900 ಬರಲಿಲ್ಲ. ಇದನ್ನು ‘ಮಧ್ಯಮ ವರ್ಗಕ್ಕೆ ಕೊಡುಗೆ’ ಎಂದು ಒಂದೇ ಮಾತಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ.

ಯಜಮಾನರಿಗೆ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ ಆಸೆ. ಕಂತು ಸರಿಯಾಗಿ ಇಷ್ಟೇ ಆಗುತ್ತದೆ ಎಂದು ಅವರೇ ಲೆಕ್ಕ ತಂದರು. ‘ರೀ, ಕಂಪನಿ ಬಸ್ಸು ಬರುತ್ತಲ್ಲ, ಈಗ ಯಾಕೆ?’ ಅಂದೆ. ಅತ್ತೆ ಚೀಟಿ ಹಾಕು ಅಂದರು. ಕೊನೆಗೆ ಹೀಗೆ ಆಯಿತು. ಸಂಬಳ ಬಿದ್ದ ಮರುದಿನವೇ ತಾನಾಗಿ ಕಟ್ ಆಗುವ ಹಾಗೆ, ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ 2,000. ಸ್ಕೂಲ್ ಫೀಸಿಗೆ 1,500ರ ಆರ್‌ಡಿ, ಯಾಕೆಂದರೆ ಮೇ–ಜೂನ್‌ನಲ್ಲಿ ಫೀಸು ಒಂದೇ ಸಲ ಬಂದು ಕುತ್ತಿಗೆಗೆ ಕೂರುತ್ತದೆ. ಉಳಿದ 1,400 ಮನೆ ಖರ್ಚಿಗೆ. ಅದನ್ನು ಉಳಿಸುತ್ತೇನೆ ಎಂದು ನಾಟಕ ಮಾಡಲಿಲ್ಲ. ಬೇಳೆ, ಎಣ್ಣೆ, ಹಾಲು ಅದನ್ನು ಹೇಗೂ ನುಂಗುತ್ತವೆ.

ಸುಕನ್ಯಾಗೆ ಹೊಸ ಪದ್ಧತಿಯಲ್ಲಿ 80ಸಿ ಸಿಗುವುದಿಲ್ಲ, ಮತ್ತೆ ಯಾಕೆ ಎಂದು ಯಜಮಾನರು ಕೇಳಿದರು. ಬಡ್ಡಿ ಆಗ 8.2 ಶೇಕಡಾ, ಆ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ನನಗೆ ಅಷ್ಟು ಸಾಕಾಗಿತ್ತು.

ಹಳೇ ಪದ್ಧತಿಯಲ್ಲಿ ಒಂದು ಉಪಕಾರ ಇತ್ತು, ಅದು ಹೋದ ಮೇಲೆ ನನಗೆ ಗೊತ್ತಾಯಿತು. ಜನವರಿ ಬಂತೆಂದರೆ ಪ್ರೂಫ್ ಕೊಡಬೇಕು, ಇಲ್ಲದಿದ್ದರೆ ಫೆಬ್ರುವರಿ, ಮಾರ್ಚ್ ಸಂಬಳಕ್ಕೆ ಕತ್ತರಿ. ಆ ಹೆದರಿಕೆಗಾದರೂ ಪಿಪಿಎಫ್, ಎಲ್‌ಐಸಿ ಅಂತ ಏನೋ ಕಟ್ಟುತ್ತಿದ್ದೆವು. ಪ್ರತಿ ವರ್ಷ ಅದೇ ಹೊತ್ತಿಗೆ ಮನೆಗೆ ಬರುತ್ತಿದ್ದ ಏಜೆಂಟ್ ಅಣ್ಣನ ‘ಟ್ಯಾಕ್ಸ್ ಉಳಿಯುತ್ತದಮ್ಮ’ ಅನ್ನುವ ಮಾತಿಗೆ ಈಗ ನಮ್ಮ ಮನೆಯಲ್ಲಿ ಬೆಲೆ ಇಲ್ಲ. ಹೊಸ ಪಾಲಿಸಿ ಬೇಡ ಅಂದೆವು. ಹಳೆಯದನ್ನು ಮಾತ್ರ ಮುರಿಯಲಿಲ್ಲ, ಅರ್ಧಕ್ಕೆ ಬಿಟ್ಟರೆ ನಷ್ಟ ನಮಗೇ. ಯಜಮಾನರ ಜೊತೆ ಕೆಲಸ ಮಾಡುವ ಹುಡುಗರು ಕೆಲವರು ಉಳಿತಾಯವನ್ನೇ ನಿಲ್ಲಿಸಿದ್ದಾರೆ. ಸುಮ್ನೆ ಯಾಕೆ ಕಟ್ಟಬೇಕು ಅನ್ನುತ್ತಾರೆ. ತೆರಿಗೆಗೋಸ್ಕರ ಉಳಿಸುವುದು ನಮಗೆ ಅಭ್ಯಾಸ ಆಗಿಬಿಟ್ಟಿತ್ತು ಅಲ್ವಾ? ನಮಗೋಸ್ಕರ ಉಳಿಸುವುದನ್ನು ಹೊಸದಾಗಿ ಕಲಿಯಬೇಕಾಗಿದೆ.

ವಿಮೆಯಲ್ಲಿ ಬೇರೆ ಕಡೆಯಿಂದ ಸ್ವಲ್ಪ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಗೆ ಇದ್ದ 18 ಶೇಕಡಾ ಜಿಎಸ್‌ಟಿ ಹೋಯಿತು. ನಮ್ಮ ಆರೋಗ್ಯ ವಿಮೆಯ ನವೀಕರಣ ನವೆಂಬರ್‌ನಲ್ಲಿ. 21,000 ಪ್ರೀಮಿಯಂ ಮೇಲೆ 3,780 ಕಡಿಮೆಯಾಯಿತು. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಯಜಮಾನರ ಹೆಸರಿಗೆ ಒಂದು ಟರ್ಮ್ ಪಾಲಿಸಿ ಮಾಡಿಸಿದೆ.

ಇನ್ನೊಂದು ವಿಷಯ. ಈ ರಿಬೇಟ್ ಒಬ್ಬೊಬ್ಬರಿಗೆ ಬೇರೆ ಬೇರೆ, ಇಡೀ ಮನೆಗೆ ಸೇರಿಸಿ ಅಲ್ಲ. ಗಂಡ ಹೆಂಡತಿ ಇಬ್ಬರಿಗೂ ಎಂಟೆಂಟು ಲಕ್ಷ ಆದಾಯ ಇದ್ದರೆ ತೆರಿಗೆ ಸೊನ್ನೆ. ಒಬ್ಬರೇ ದುಡಿದು, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ 16 ಲಕ್ಷ ಉಳಿದರೆ ಸೆಸ್ ಸೇರಿ 1,24,800. ಮನೆ ಖರ್ಚು ಎರಡೂ ಕಡೆ ಒಂದೇ! ಹಾಗಂತ ಗಂಡನ ದುಡ್ಡನ್ನು ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ಆ ಬಡ್ಡಿ ಮತ್ತೆ ಗಂಡನ ಆದಾಯಕ್ಕೇ ಸೇರುತ್ತದೆ, ಕಾನೂನು ಹಾಗಿದೆ. ನಾವು ಮಾಡಿದ್ದು ಇಷ್ಟು: ರೇಷನ್, ಸಾಲದ ಕಂತು, ಕರೆಂಟು ಎಲ್ಲ ಅವರ ಸಂಬಳದಲ್ಲಿ. ಎಫ್‌ಡಿ ಇಡುವುದು ನನ್ನ ಸಂಬಳದಲ್ಲಿ, ನನ್ನ ಹೆಸರಲ್ಲಿ. ಬಡ್ಡಿ ನನ್ನ ಆದಾಯಕ್ಕೆ ಸೇರಿದರೂ ನಾನು ಅಂಚಿನಿಂದ ಬಹಳ ದೂರ ಇದ್ದೇನೆ.

ಯಜಮಾನರು ಮಾತ್ರ ಅಂಚಿನ ಹತ್ತಿರ ಬರುತ್ತಿದ್ದಾರೆ. ಅವರ ಜೊತೆಯವರೊಬ್ಬರಿಗೆ ಹಿಂಬಾಕಿ ಬಂದು ಸಂಬಳ 13.15 ಲಕ್ಷ ಆಯಿತು. 12.75ರ ಮೇಲೆ ಇರುವ 40,000ಕ್ಕೆ ತೆರಿಗೆ 40,000, ಸೆಸ್ ಸೇರಿ 41,600. ಮಾರ್ಜಿನಲ್ ರಿಲೀಫ್ (ಅಂಚು ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಅನ್ನುವ ರಿಯಾಯಿತಿ) ಇರುವುದರಿಂದಲೇ ಇಷ್ಟಕ್ಕೆ ನಿಂತಿತು, ಇಲ್ಲದಿದ್ದರೆ 66,000 ದಾಟುತ್ತಿತ್ತು. ಆದರೂ ಜಾಸ್ತಿ ಬಂದದ್ದೆಲ್ಲ ಹೋಗಿ ಮೇಲೆ 1,600 ಕೈಯಿಂದ ಕೊಟ್ಟ ಹಾಗಾಯಿತು. ಹೊಸ ಪದ್ಧತಿಯಲ್ಲೂ ಇದಕ್ಕೆ ಒಂದು ದಾರಿ ಇದೆ. ಕಂಪನಿಯೇ ನಮ್ಮ ಪಿಂಚಣಿಯ ಎನ್‌ಪಿಎಸ್ ಖಾತೆಗೆ ಕಟ್ಟಿದರೆ ಬೇಸಿಕ್‌ನ 14 ಶೇಕಡಾದವರೆಗೆ ಕಡಿತ ಸಿಗುತ್ತದೆ. ಇದನ್ನು ವರ್ಷದ ಮೊದಲೇ ಸಂಬಳದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು, ಮಾರ್ಚ್‌ನಲ್ಲಿ ಓಡಿದರೆ ಆಗುವುದಿಲ್ಲ. ಯಜಮಾನರು ಎಚ್‌ಆರ್‌ನಲ್ಲಿ ಕೇಳಿಟ್ಟಿದ್ದಾರೆ.

ತೆರಿಗೆ ಸೊನ್ನೆ ಆದರೂ ರಿಟರ್ನ್ ಹಾಕುವುದು ತಪ್ಪಿಲ್ಲ, ಆದಾಯ 4 ಲಕ್ಷ ದಾಟಿದೆಯಲ್ಲ. ಷೇರು, ಷೇರು ಆಧಾರಿತ ಮ್ಯೂಚುವಲ್ ಫಂಡ್ ಮಾರಿದ ಲಾಭದ ಮೇಲಿನ ತೆರಿಗೆಗೆ ಈ ರಿಬೇಟ್ ಸಿಗುವುದೂ ಇಲ್ಲ. ಹೊಸ ವರ್ಷದ ಪುಸ್ತಕದಲ್ಲಿ ಯಜಮಾನರ ಪುಟಕ್ಕೆ ಒಂದು ಕಾಲಂ ಸೇರಿಸಿದ್ದೇನೆ: 12.75ಕ್ಕೆ ಇನ್ನೆಷ್ಟು ಬಾಕಿ. ಓವರ್‌ಟೈಮ್ ಬಂದ ತಿಂಗಳು ಅವರೇ ಅದನ್ನು ಕೇಳುತ್ತಾರೆ. ಸ್ಕೂಟರ್ ವಿಷಯವನ್ನೂ ಅದರ ಜೊತೆಗೇ ತೆಗೆಯುತ್ತಾರೆ.