ಮೊಂಡು ಅರಕ್ಕೆ ಮತ್ತೆ ಹಲ್ಲು ಬರಿಸಿದ್ದು

ಕೈ ಹತ್ಯಾರುಗಳಲ್ಲಿ ನನಗೆ ಲೋಹ ಉಜ್ಜುವ ಅರವೇ (ಫೈಲ್) ಅಚ್ಚುಮೆಚ್ಚು. ಸುತ್ತಿಗೆ, ಸ್ಪ್ಯಾನರ್ ಒಮ್ಮೆ ಕೊಂಡರೆ ಆಯುಷ್ಯಕ್ಕೆ ಸಾಕು. ಅರ ಮಾತ್ರ ಕೈಯಲ್ಲೇ ಸವೆದುಹೋಗುತ್ತದೆ. ವರ್ಷಕ್ಕೆ ಐದಾರು ಕೊಳ್ಳುತ್ತಿದ್ದೆ. ನಾಲ್ಕು ವರ್ಷ ಹೀಗೆ ಸುರಿದ ಹಣವನ್ನು ಕೂಡಿಸಿ ನೋಡಿದರೆ ಒಂದು ಒಳ್ಳೆಯ ವೈಸ್ (ಲೋಹವನ್ನು ಕಚ್ಚಿ ಹಿಡಿಯುವ ಸಾಧನ) ಬರುವಷ್ಟಿತ್ತು. ಹಳೆಯ ಅರಗಳನ್ನು ವಿನೆಗರ್‌ನಲ್ಲಿ ನೆನೆಸಿ ಚೂಪು ಮಾಡುತ್ತೇನೆ ಎಂದಾಗ ಜೊತೆಗಿದ್ದ ಹಿರಿಯ ಫಿಟ್ಟರ್ ‘ತುಕ್ಕು ಹೋದೀತು, ಹಲ್ಲು ಬಾರದು’ ಎಂದುಬಿಟ್ಟರು. ಮೊದಲ ಮೂರು ಸಲ ಅವರ ಮಾತೇ ನಿಜವಾಯಿತು.

ಮೊದಲ ಸಲ ಜಿಡ್ಡು ತೆಗೆಯದೆ ಮುಳುಗಿಸಿದ್ದೆ. ಎಣ್ಣೆ ಕುಳಿತಿದ್ದ ಕಡೆ ಹುಳಿ ತಾಗಲೇ ಇಲ್ಲ, ಉಳಿದ ಕಡೆ ಹಲ್ಲು ತಿಂದುಹೋಯಿತು. ಉಜ್ಜಿದರೆ ಕಬ್ಬಿಣದ ಮೇಲೆ ಗೀರು ಬಿತ್ತು. ಎರಡನೆಯ ಸಲ ಒಂದು ಸ್ಮೂತ್ (ತೀರಾ ಸಣ್ಣ ಹಲ್ಲಿನ) ಅರವನ್ನು ನಾಲ್ಕು ದಿನ ಮರೆತೆ. ತೆಗೆದಾಗ ಅದರ ಮೇಲೆ ಉಗುರು ಆಡಿಸಿದರೂ ತಡೆಯಲಿಲ್ಲ. ಅದು ನನ್ನ ಬಳಿ ಇದ್ದವುಗಳಲ್ಲೇ ದುಬಾರಿಯ ಅರ, ಇಂದಿಗೂ ಹೊಟ್ಟೆ ಉರಿಯುತ್ತದೆ. ಮೂರನೆಯ ಸಲ ಹೊತ್ತು ಸರಿಯಾಗಿತ್ತು. ತೊಳೆದು ಹಾಗೆಯೇ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು.

ನೆನೆಸುವುದಕ್ಕಿಂತ ಅದರ ಮುಂಚಿನ ಕೆಲಸವೇ ದೊಡ್ಡದು ಎಂದು ತಿಳಿದದ್ದು ಆಮೇಲೆ. ತಂತಿ ಬ್ರಷ್ಷಿಗೆ ಜಗ್ಗದ ಅಲ್ಯೂಮಿನಿಯಂ ಚೂರುಗಳು ಸಂದಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಹಿತ್ತಾಳೆಯ ಒಂದು ತೆಳು ಪಟ್ಟಿಯನ್ನು ತೆಗೆದುಕೊಂಡು ಅದರ ಅಂಚನ್ನು ಹಲ್ಲಿನ ಸಾಲಿನ ಗುಂಟ ಒತ್ತಿ ತಳ್ಳುತ್ತೇನೆ. ಹತ್ತು ಹನ್ನೆರಡು ಸಲ ತಳ್ಳಿದರೆ ಪಟ್ಟಿಯ ಅಂಚಿಗೇ ಆ ಅರದ ಹಲ್ಲಿನ ಅಚ್ಚು ಬೀಳುತ್ತದೆ. ಅಲ್ಲಿಂದ ಮುಂದೆ ಅದು ಸಂದಿನ ತಳದವರೆಗೂ ಇಳಿದು ಚೂರುಗಳನ್ನು ಒಂದೊಂದಾಗಿ ಎಬ್ಬಿಸುತ್ತದೆ. ಆ ಮೇಲೆ ಸೋಪಿನ ಬಿಸಿ ನೀರು. ನೀರು ಹನಿಗಟ್ಟದೆ ಅರದ ಮೇಲೆ ಒಂದೇ ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದೇ ಅರ್ಥ.

ವಿನೆಗರ್ ಮಾಮೂಲಿಯದೇ, ಶೇ. 5ರದ್ದು. ಪ್ಲಾಸ್ಟಿಕ್ ತೊಟ್ಟಿ, ಸಡಿಲ ಮುಚ್ಚಳ. ಗುಳ್ಳೆಯಾಗಿ ಏಳುವುದು ಜಲಜನಕ, ಬಿಗಿಯಾಗಿ ಮುಚ್ಚಬಾರದು, ಹತ್ತಿರ ಬೆಂಕಿಯೂ ಬೇಡ. ಒರಟು ಹಲ್ಲಿನ ಬಾಸ್ಟರ್ಡ್ ಅರಕ್ಕೆ ಹೆಚ್ಚುಕಡಿಮೆ 24 ಗಂಟೆ, ಮಧ್ಯಮ ಹಲ್ಲಿನ ಸೆಕೆಂಡ್ ಕಟ್‌ಗೆ 14–15, ಸ್ಮೂತ್‌ಗೆ ಆರೇಳು. ಗಡಿಯಾರಕ್ಕಿಂತ ದೀಪವನ್ನು ನಂಬುತ್ತೇನೆ. ಅರವನ್ನು ಓರೆಯಾಗಿ ದೀಪಕ್ಕೆ ಹಿಡಿದರೆ ಮೊಂಡು ಹಲ್ಲಿನ ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ. ಆ ಗೆರೆ ಮಾಯವಾದ ಕೂಡಲೇ ತೆಗೆದು ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಕುದಿಯುವ ನೀರು ಸುರಿದು, ಬಿಸಿ ಆರುವ ಮುನ್ನ ಒರೆಸಿ ಎಣ್ಣೆ ಸವರಬೇಕು. ತೊಟ್ಟಿಗೆ ನಾನು ಇನ್ನೊಂದು ವಸ್ತುವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೆ.

ಇದೇ ತೊಟ್ಟಿಗೆ ತುಕ್ಕು ಹಿಡಿದ ಇಕ್ಕಳವನ್ನೂ ಹಾಕಿ ನೋಡಿದೆ. ಮೇಲೆ ಚೆನ್ನಾಗಿ ಹೊಳೆಯಿತು. ಹುಳಿ ಕೀಲಿನೊಳಗೆ ಉಳಿದಿತ್ತು, ವಾರದೊಳಗೆ ಎರಡು ತೋಳೂ ಅಂಟಿಕೊಂಡವು. ಕೀಲು ಇರುವ ಹತ್ಯಾರುಗಳನ್ನು ಆ ಮೇಲೆ ನಾನು ನೆನೆಸಿಲ್ಲ.

ಫಿಟ್ಟರ್‌ಗೆ ತೋರಿಸಲು ಒಂದು ಉಪಾಯ ಮಾಡಿದೆ. ಹತ್ತು ಅಂಗುಲದ ಒಂದೇ ಅರ. ಹಿಡಿಯ ಕಡೆಯ ಅರ್ಧಕ್ಕೆ ಕರಗಿಸಿದ ಮೇಣ ಬಳಿದು ನೆನೆಸಿದೆ. ಮೇಣ ತೆಗೆದು, ವೈಸ್‌ನಲ್ಲಿ ಕಬ್ಬಿಣದ ಪಟ್ಟಿ ಕಚ್ಚಿಸಿ ಅವರ ಕೈಗೇ ಅರ ಕೊಟ್ಟೆ. ಮುಂದಿನ ಅರ್ಧ ಗರಗರನೆ ಕಚ್ಚಿ ಸಣ್ಣ ಸುರುಳಿ ಎಬ್ಬಿಸಿತು. ಹಿಡಿಯ ಕಡೆಗೆ ಬಂದದ್ದೇ ಕಿರ್ ಎಂದು ಜಾರಿತು, ಬಿದ್ದದ್ದು ಬರೀ ಕಪ್ಪು ಹುಡಿ. ಅವರು ನಾಲ್ಕು ಸಲ ಉಜ್ಜಿ ನೋಡಿದರು. ಮರುದಿನ ಹಳೆಯ ಬಟ್ಟೆಯಲ್ಲಿ ಸುತ್ತಿ ತಮ್ಮ ಆರು ಅರಗಳನ್ನು ತಂದಿಟ್ಟರು.

ನನ್ನ 14ರಲ್ಲಿ 9 ಮರಳಿ ಬಂದವು. ಮೂರು ಪ್ರಯೋಗದಲ್ಲೇ ಹೋದವು. ಇನ್ನೆರಡನ್ನು ಹದಗೊಳಿಸಿದ ಉಕ್ಕಿನ ಮೇಲೆ ಉಜ್ಜಿ ಹಲ್ಲೇ ಚಪ್ಪಟೆಯಾಗಿತ್ತು. ಅಂಥವಕ್ಕೆ ಯಾವ ಹುಳಿಯೂ ಹಲ್ಲು ಬರಿಸದು. ಬದುಕಿದವು ಹೊಸದರ ಮುಕ್ಕಾಲು ಪಾಲು ಕಚ್ಚುತ್ತವೆ, ಒಂಬತ್ತಕ್ಕೂ ಸೇರಿ ಖರ್ಚಾದದ್ದು ಒಂದು ಹೊಸ ಅರದ ಬೆಲೆಗಿಂತ ಕಡಿಮೆ. ಎರಡನ್ನು ಎರಡನೆಯ ಬಾರಿಯೂ ನೆನೆಸಿದ್ದೇನೆ. ಸಂದಿನ ಆಳ ಕಣ್ಣಿಗೆ ಕಾಣುವಷ್ಟು ತಗ್ಗಿದೆ, ಆದರೂ ಕಚ್ಚುತ್ತಿವೆ. ಮುಂದಿನ ತಿಂಗಳು ಅವುಗಳಲ್ಲಿ ಒಂದನ್ನು ಮೂರನೆಯ ಬಾರಿಗೆ ಹಾಕಿ ನೋಡುತ್ತೇನೆ.