ಹನ್ನೆರಡು ಪದ ಬರೆದಿಟ್ಟೆ, ಆಮೇಲೆ ವಾಲೆಟ್ ಅಳಿಸಿದೆ

ಎಕ್ಸ್‌ಚೇಂಜಿನಲ್ಲಿ, ಅಂದರೆ ಬಿಟ್‌ಕಾಯಿನ್ ಕೊಂಡು ಮಾರುವ ತಾಣದಲ್ಲಿ, ಕೊಂಡ ಒಂದಿಷ್ಟು ಬಿಟ್‌ಕಾಯಿನ್ ಅಲ್ಲೇ ಬಿದ್ದಿತ್ತು. ಅದನ್ನು ಖರ್ಚು ಮಾಡಲು ಬೇಕಾದ ಗುಪ್ತ ಸಂಖ್ಯೆ, ಅಂದರೆ ಕೀಲಿ, ಅವರ ಬಳಿ, ನನ್ನ ಬಳಿ ಇದ್ದದ್ದು ಬರೀ ಒಂದು ಲಾಗಿನ್. ಅದನ್ನು ನನ್ನದೇ ವಾಲೆಟ್‌ಗೆ (ಕೀಲಿ ಇಟ್ಟುಕೊಳ್ಳುವ ಸಾಫ್ಟ್‌ವೇರ್) ತಂದುಕೊಳ್ಳೋಣವೆಂದು ಕೂತಾಗ ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆ ಬಂತು. ಬಿಟ್‌ಕಾಯಿನ್ ಕೋರ್ ಎಂಬ ವಾಲೆಟ್ ಹಾಕಿಕೊಂಡರೆ 2009ರ ಜನವರಿಯ ಮೊದಲ ಬ್ಲಾಕಿನಿಂದ (ಬ್ಲಾಕ್ ಎಂದರೆ ವಹಿವಾಟುಗಳ ಒಂದು ಕಟ್ಟು) ಹಿಡಿದು ಎಲ್ಲರ ವಹಿವಾಟಿನ ಇಡೀ ಲೆಕ್ಕವನ್ನು ಇಳಿಸಿಕೊಂಡು ತಾನೇ ಪರಿಶೀಲಿಸುತ್ತದೆ. ನೂರಾರು ಜಿಬಿ ಡೇಟಾ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಅದು ಹೊರೆಯಾಗುತ್ತಿತ್ತು. ಹಾಗಾಗಿ 2011ರಿಂದ ಬಳಕೆಯಲ್ಲಿರುವ ಎಲೆಕ್ಟ್ರಮ್ ಎಂಬ ವಾಲೆಟ್ ಆರಿಸಿದೆ. ಅದು ಲೆಕ್ಕವನ್ನು ಸರ್ವರ್‌ಗಳಿಂದ ಕೇಳಿ ತಿಳಿದುಕೊಳ್ಳುತ್ತದೆ. ಕೀಲಿ ನಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ. ಆದರೆ ನನ್ನ ವಿಳಾಸಗಳು (ನಾಣ್ಯ ಬಂದು ಸೇರುವ ಗುರುತುಗಳು) ಯಾವುವೆಂದು ಆ ಸರ್ವರ್‌ಗೆ ಗೊತ್ತಾಗುತ್ತದೆ. ಅಷ್ಟಕ್ಕೆ ಒಪ್ಪಿಕೊಂಡೇ ಮುಂದುವರಿದೆ.

ಡೌನ್‌ಲೋಡ್ ಮಾಡುವಾಗ ಅವಸರ ಮಾಡಲಿಲ್ಲ. 2018ರ ಕೊನೆಯಲ್ಲಿ ವಂಚಕರು ತಮ್ಮದೇ ಸರ್ವರ್‌ಗಳನ್ನು ಜಾಲಕ್ಕೆ ಸೇರಿಸಿ, ಹಣ ಕಳಿಸಲು ಹೊರಟವರ ಪರದೆಯ ಮೇಲೆ ‘ಹೊಸ ಆವೃತ್ತಿ ಹಾಕಿಕೊಳ್ಳಿ’ ಎಂಬ ಸುಳ್ಳು ಸಂದೇಶ ತೋರಿಸಿದ್ದರು. ಅದನ್ನು ನಂಬಿ ನಕಲಿ ಎಲೆಕ್ಟ್ರಮ್ ಹಾಕಿಕೊಂಡವರ ನಾಣ್ಯಗಳೆಲ್ಲ ಹೋದವು. ಅದನ್ನು ಓದಿದ್ದರಿಂದ ಅಧಿಕೃತ ತಾಣದ ವಿಳಾಸವನ್ನು ನಾನೇ ಅಕ್ಷರ ಅಕ್ಷರ ಟೈಪ್ ಮಾಡಿದೆ, ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತನ್ನು ಮುಟ್ಟಲಿಲ್ಲ. ಇಳಿಸಿದ ಫೈಲಿನ ಜೊತೆಗಿದ್ದ ಡಿಜಿಟಲ್ ಸಹಿಯನ್ನು ಜಿಪಿಜಿ ಎಂಬ ಉಪಕರಣದಲ್ಲಿ ತಾಳೆ ನೋಡಿದೆ. ಹೊಸಬರಿಗೆ ಅದು ಕಷ್ಟವೇ, ನನಗೆ ಎರಡು ಗಂಟೆ ಹಿಡಿಯಿತು. ಆದರೆ ಅಭಿವೃದ್ಧಿ ಮಾಡಿದವರು ಸಹಿ ಹಾಕಿದ ಫೈಲೇ ಇದು ಎಂದು ತಿಳಿಯಲು ಬೇರೆ ದಾರಿ ನನಗೆ ಕಾಣಲಿಲ್ಲ.

ಮೊದಲು ಟೆಸ್ಟ್‌ನೆಟ್‌ನಲ್ಲಿ ಆಡಿ ನೋಡಿದೆ. ಅದು ಬಿಟ್‌ಕಾಯಿನ್ನಿನ ಅಭ್ಯಾಸದ ಜಾಲ. ಅಲ್ಲಿನ ನಾಣ್ಯಕ್ಕೆ ಬೆಲೆಯಿಲ್ಲ, ಪುಕ್ಕಟೆಯಾಗಿ ಹಂಚುವ ತಾಣಗಳಿವೆ. ಹೊಸ ವಾಲೆಟ್ ಎಂದ ಕೂಡಲೇ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಮೂಡಿದವು. 2048 ಪದಗಳ ಪಟ್ಟಿಯಿಂದ ಆರಿಸಿದವು ಅವು, ಸೀಡ್ ಎನ್ನುತ್ತಾರೆ. ಅದನ್ನು ಬರೆದುಕೊಂಡ ಮೇಲೆ ಮತ್ತೊಮ್ಮೆ ಟೈಪ್ ಮಾಡಿ ತೋರಿಸು ಅಂದಿತು. ತೋರಿಸಿದೆ. ನಂತರ ಪಾಸ್‌ವರ್ಡ್ ಕೇಳಿತು. ಇಲ್ಲಿ ನನಗೆ ದೊಡ್ಡ ಗೊಂದಲವಿತ್ತು: ಇವೆರಡರಲ್ಲಿ ಯಾವುದು ಮುಖ್ಯ? ಪಾಸ್‌ವರ್ಡ್ ಕಾಯುವುದು ಈ ಯಂತ್ರದಲ್ಲಿರುವ ಫೈಲನ್ನು ಮಾತ್ರ. ಅದು ಮರೆತರೆ ಪದಗಳಿಂದ ಎಲ್ಲವನ್ನೂ ಮರಳಿ ಕಟ್ಟಬಹುದು. ಪದಗಳು ಬೇರೆಯವರ ಕೈ ಸೇರಿದರೆ ಅವರಿಗೆ ನನ್ನ ಪಾಸ್‌ವರ್ಡಿನ ಅಗತ್ಯವೇ ಇಲ್ಲ. ಆದ್ದರಿಂದ ಆ ಕಾಗದದ ಫೋಟೊ ತೆಗೆಯಲಿಲ್ಲ, ಇಮೇಲ್‌ನಲ್ಲಿ ಇಡಲಿಲ್ಲ.

ಟೆಸ್ಟ್‌ನೆಟ್ ನಾಣ್ಯ ಬಂತು. ಅದರಲ್ಲಿ ಸ್ವಲ್ಪ ಭಾಗವನ್ನು ಇನ್ನೊಂದು ವಾಲೆಟ್‌ಗೆ ಕಳಿಸಿ, ಹಣ ಬಂದಿದ್ದ ವಿಳಾಸವನ್ನು ತೆರೆದರೆ ಅಲ್ಲಿ ಸೊನ್ನೆ! ಎದೆ ಧಸಕ್ಕೆಂದಿತು. ಒಟ್ಟು ಮೊತ್ತ ಸರಿಯಾಗಿಯೇ ಇತ್ತು. ಆಮೇಲೆ ತಿಳಿಯಿತು, ಬಂದ ನಾಣ್ಯ ಇಡಿಯಾಗಿಯೇ ಖರ್ಚಾಗುತ್ತದೆ. ಕೊಡಬೇಕಾದದ್ದು ಕೊಟ್ಟು, ಶುಲ್ಕ ಕಳೆದು, ಉಳಿದ ಚಿಲ್ಲರೆ ನನ್ನದೇ ವಾಲೆಟ್ಟಿನ ಬೇರೊಂದು ವಿಳಾಸಕ್ಕೆ ವಾಪಸ್ ಬರುತ್ತದೆ. ಎಲೆಕ್ಟ್ರಮ್‌ನ ವಿಳಾಸಗಳ ಪಟ್ಟಿಯನ್ನು ತೆರೆದಿಟ್ಟುಕೊಂಡರೆ ಚಿಲ್ಲರೆಯ ವಿಳಾಸಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ.

ಇನ್ನು ನಿಜವಾದ ಪರೀಕ್ಷೆ. ಬೇಕೆಂದೇ ಒಂದು ತಿಂಗಳು ಬಿಟ್ಟೆ. ಆಮೇಲೆ ವಾಲೆಟ್ ಫೈಲನ್ನು ಅಳಿಸಿ, ಇಂಟರ್‌ನೆಟ್ ಕಿತ್ತು, ಕಾಗದ ಎದುರಿಗಿಟ್ಟುಕೊಂಡು ಪದಗಳನ್ನು ಟೈಪ್ ಮಾಡಿದೆ. ಮುಂದೆ ಹೋಗುವ ಬಟನ್ ಒತ್ತಲು ಬರಲೇ ಇಲ್ಲ. ಪದಗಳ ಜೋಡಣೆಯಲ್ಲೇ ಒಂದು ತಾಳೆ ಅಡಗಿರುತ್ತದೆ, ಒಂದು ಪದ ತಪ್ಪಿದರೂ ಸಾಫ್ಟ್‌ವೇರ್ ಬಹುಮಟ್ಟಿಗೆ ಹಿಡಿದುಬಿಡುತ್ತದೆ. ಆದರೆ ಯಾವ ಪದ ತಪ್ಪೆಂದು ಹೇಳುವುದಿಲ್ಲ. ಸಂಜೆಯೆಲ್ಲ ಕೂತು ಒಂದೊಂದೇ ಪದವನ್ನು ಪಟ್ಟಿಯ ಜೊತೆ ಹೋಲಿಸಿದೆ. ಕೊನೆಗೆ ಸಿಕ್ಕಿತು: ನಾನು ‘ಕೇಬಲ್’ ಎಂದು ಓದುತ್ತಿದ್ದದ್ದು ‘ಟೇಬಲ್’. (ಬೆಲೆಯಿಲ್ಲದ ವಾಲೆಟ್ ಆದ್ದರಿಂದ ಹೇಳಲು ಅಡ್ಡಿಯಿಲ್ಲ.) ಅವಸರದ ಬರಹದಲ್ಲಿ ಮೊದಲ ಅಕ್ಷರವಾದ ಇಂಗ್ಲಿಷ್ ‘t’ಗೆ ಅಡ್ಡಗೆರೆಯೇ ಬಿದ್ದಿರಲಿಲ್ಲ.

ಹಾಗಾದರೆ ಮೊದಲ ದಿನ ಟೈಪ್ ಮಾಡಿದಾಗ ಸರಿಯಾಗಿತ್ತಲ್ಲ? ಇದನ್ನೇ ನಾನು ಬಹಳ ಯೋಚಿಸಿದೆ. ಆ ದಿನ ನಾನು ಕಾಗದವನ್ನು ಓದಿರಲಿಲ್ಲ. ಐದು ನಿಮಿಷದ ಹಿಂದೆ ಪರದೆಯಲ್ಲಿ ಕಂಡ ಪದ ಮನಸ್ಸಿನಲ್ಲಿತ್ತು, ಕೈ ಅದನ್ನೇ ಟೈಪ್ ಮಾಡಿತು. ಕಾಗದವೊಂದೇ ಸಾಕೇ ಎಂದು ಗೊತ್ತಾಗಬೇಕಾದರೆ ಪದಗಳು ಮರೆತುಹೋಗಿರಬೇಕು.

ತಿದ್ದಿದ ಕೂಡಲೇ, ಇಂಟರ್‌ನೆಟ್ ಇಲ್ಲದೆಯೇ, ಹಿಂದಿನ ವಿಳಾಸಗಳೆಲ್ಲ ಅದೇ ಕ್ರಮದಲ್ಲಿ ಸಾಲಾಗಿ ಬಂದು ನಿಂತವು. ನನಗೆ ಮೈ ಜುಮ್ಮೆಂದಿತು. ಹೊರಗಿನಿಂದ ಏನೂ ಬಂದಿಲ್ಲ. ಹನ್ನೆರಡು ಪದಗಳಿಂದ ಗಣಿತವೇ ಅವನ್ನು ಮರಳಿ ಹುಟ್ಟಿಸಿತ್ತು. ಇಂಟರ್‌ನೆಟ್ ಜೋಡಿಸಿದ ಮೇಲಷ್ಟೇ ಬಾಕಿ ಮೊತ್ತ ಕಾಣಿಸಿಕೊಂಡಿತು. ನಾಣ್ಯ ಎಂದೂ ನನ್ನ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ, ಇದ್ದದ್ದು ಎಲ್ಲರ ಎದುರಿಗಿರುವ ಆ ಲೆಕ್ಕದಲ್ಲಿ.

ನಿಜದ ವಾಲೆಟ್ಟಿಗೆ ಪದಗಳನ್ನು ದೊಡ್ಡಕ್ಷರದಲ್ಲಿ, ಸಂಖ್ಯೆ ಹಾಕಿ, ನಿಧಾನವಾಗಿ ಬರೆದೆ. ಆ 2048 ಪದಗಳ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವ ಎರಡು ಪದಗಳಿಲ್ಲ, ಆದ್ದರಿಂದ ಆ ನಾಲ್ಕನ್ನು ಮತ್ತಷ್ಟು ಸ್ಪಷ್ಟವಾಗಿ ಬರೆದೆ. ಪಕ್ಕದಲ್ಲಿ ‘ಎಲೆಕ್ಟ್ರಮ್ ಸೀಡ್’ ಎಂದೂ ಬರೆದೆ, ಏಕೆಂದರೆ ಎಲೆಕ್ಟ್ರಮ್‌ನ ಸೀಡ್ ಬೇರೆ ಬಹುಪಾಲು ವಾಲೆಟ್‌ಗಳು ಬಳಸುವ ಬಿಐಪಿ39 ಪದ್ಧತಿಯದಲ್ಲ. ಪದಗಳು ನೋಡಲು ಒಂದೇ ಥರ ಇದ್ದರೂ ಅಲ್ಲಿ ತೆರೆದುಕೊಳ್ಳುವುದಿಲ್ಲ. ಮೊದಲ ವಿಳಾಸವನ್ನೂ ಗುರುತಿಗೆ ಬರೆದಿಟ್ಟೆ. ಒಂದು ವಾರ ಬಿಟ್ಟು, ಒಂದು ಪೈಸೆಯನ್ನೂ ಹಾಕುವ ಮೊದಲೇ, ಅಳಿಸಿ ಮರಳಿ ಕಟ್ಟಿದೆ. ವಿಳಾಸ ತಾಳೆಯಾಯಿತು.

ಆಮೇಲೆ ಎಕ್ಸ್‌ಚೇಂಜಿನಿಂದ ಸಣ್ಣದೊಂದು ಮೊತ್ತ ತರಿಸಿದೆ. ನಕಲು ಮಾಡಿದ ವಿಳಾಸವನ್ನು ಅಂಟಿಸುವಾಗ ಕಳ್ಳ ವಿಳಾಸಕ್ಕೆ ಬದಲಿಸುವ ವೈರಸ್‌ಗಳಿವೆ, ಅದಕ್ಕೇ ಅಂಟಿಸಿದ ಮೇಲೆ ಪೂರ್ತಿ ವಿಳಾಸವನ್ನು ಓದಿದೆ. ಕೆಲವು ಬ್ಲಾಕ್‌ಗಳು ಸೇರುವವರೆಗೆ ಪರದೆ ನೋಡುತ್ತಲೇ ಕೂತಿದ್ದೆ. ಉಳಿದದ್ದನ್ನು ಮಾರನೆಯ ದಿನ ತರಿಸಿದೆ. ಕಾಗದದ ಎರಡು ಪ್ರತಿಗಳು ಈಗ ಎರಡು ಬೇರೆ ಬೇರೆ ಜಾಗದಲ್ಲಿವೆ.