ಹನ್ನೆರಡು ಜನರ ಮಲೇಷ್ಯಾ–ಸಿಂಗಾಪುರ ಪ್ರವಾಸ: ಗುಂಪನ್ನು ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು

ಅಜ್ಜ ಅಜ್ಜಿ, ಎರಡು ಮೂರು ಸಂಸಾರ, ಮಕ್ಕಳು, ಜೊತೆಗೆ ಒಬ್ಬಿಬ್ಬರು ಸ್ನೇಹಿತರು. ಹೀಗೆ ಹತ್ತು ಹನ್ನೆರಡು ಜನ ಸೇರಿ ಮೊದಲ ಸಲ ವಿದೇಶಕ್ಕೆ ಹೊರಡುವವರಿಗೆ ನಾನು ಹೇಳುವುದು ಕ್ವಾಲಾಲಂಪುರ ಮತ್ತು ಸಿಂಗಾಪುರ. ಬೆಂಗಳೂರಿನಿಂದ ಎರಡಕ್ಕೂ ನೇರ ವಿಮಾನವಿದೆ, ಪ್ರಯಾಣ ಸುಮಾರು ನಾಲ್ಕರಿಂದ ಐದು ಗಂಟೆ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ ಅಷ್ಟೇ. ಅನ್ನ ಸಾರು ಸಿಗುತ್ತದೆ. ಇಂಥ ಊರಿಗೆ ಹೋದರೂ ಪ್ರವಾಸ ಕೆಡುತ್ತದೆ. ಟಿಕೆಟ್‌ನಿಂದ ಹಿಡಿದು ರಾತ್ರಿಯ ಊಟದವರೆಗೆ ಎಲ್ಲರೂ ಎಲ್ಲದರಲ್ಲೂ ಒಟ್ಟಿಗಿರಬೇಕು ಎಂದು ಹೊರಟಾಗ ಕೆಡುತ್ತದೆ. ಗುಂಪನ್ನು ಎಲ್ಲಿ ಒಡೆಯಬೇಕು, ಮತ್ತೆ ಎಲ್ಲಿ ಕೂಡಿಸಬೇಕು ಎಂಬುದನ್ನು ಮನೆಯಲ್ಲೇ ಕೂತು ತೀರ್ಮಾನಿಸುವುದೇ ನನ್ನ ಮಟ್ಟಿಗೆ ಯೋಜನೆ.

ಮೊದಲು ತಲೆ ಎಣಿಕೆ. ವಾಟ್ಸಾಪಿನಲ್ಲಿ "ನಾವೂ ಬರ್ತೀವಿ" ಅಂದವರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೊ, ಜೊತೆಗೆ ಟಿಕೆಟ್‌ಗೆ ಸಾಕಾಗುವಷ್ಟು ಮುಂಗಡ, ಇವೆರಡೂ ಬಂದ ಮೇಲೆಯೇ ಹೆಸರು ಪಟ್ಟಿಗೆ ಸೇರುತ್ತದೆ. ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ. ರಜೆ ಹೊಂದಿಸುವಾಗ ಸ್ಟೇಟ್ ಸಿಲಬಸ್ ಮಕ್ಕಳ ದಸರಾ ರಜೆ, ಸಿಬಿಎಸ್‌ಇ ಮಕ್ಕಳ ರಜೆ ಒಂದೇ ವಾರ ಬರುತ್ತವೆ ಎಂದು ನಂಬಬೇಡಿ. ಶಾಲೆಯ ಕ್ಯಾಲೆಂಡರಿನ ಫೋಟೊವನ್ನೇ ತರಿಸಿಕೊಳ್ಳಿ.

ಪಾಸ್‌ಪೋರ್ಟಿನಲ್ಲಿ ನೋಡಬೇಕಾದ್ದು ಎರಡು. ಒಂದು, ಆ ದೇಶಕ್ಕೆ ಕಾಲಿಡುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ದೊಡ್ಡವರದು ಹತ್ತು ವರ್ಷದ್ದಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ. ಸಿಕ್ಕಿಬೀಳುವುದು ಸಾಮಾನ್ಯವಾಗಿ ಅಲ್ಲಿಯೇ. ಎರಡನೆಯದು ಹೆಸರು. ನಮ್ಮ ಕಡೆಯ ಹಿರಿಯರಲ್ಲಿ ಅನೇಕರಿಗೆ ಸರ್‌ನೇಮ್ ಎಂಬುದೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ, ಗಿವನ್ ನೇಮ್‌ನಲ್ಲಿ ಒಂದೇ ಹೆಸರು. ವಿಮಾನ ಕಂಪನಿಯ ಫಾರಂ ಮಾತ್ರ ಕೊನೆಯ ಹೆಸರು ಇಲ್ಲದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಕೆಲವು ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುತ್ತವೆ, ಕೆಲವಕ್ಕೆ ಬೇರೆ ಪದ್ಧತಿ ಇದೆ. ಅಂದಾಜಿನಲ್ಲಿ ತುಂಬದೆ ಆ ಕಂಪನಿಯ ನಿಯಮ ಓದಿ, ಅದರಂತೆಯೇ ಬರೆಯಿರಿ. ಸಿಂಗಾಪುರದ ಬದಲು ದುಬೈ ಯೋಚಿಸುವವರು ಇನ್ನೊಂದು ವಿಷಯ ತಿಳಿದಿರಬೇಕು: 2022ರ ನವೆಂಬರಿನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಕೊಡುತ್ತಿಲ್ಲ. ಅಜ್ಜಿಯ ಪಾಸ್‌ಪೋರ್ಟ್ ಹಾಗಿದ್ದರೆ ಊರು ಆರಿಸುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.

ದಾರಿಯ ಕ್ರಮ ನನ್ನದು ಯಾವಾಗಲೂ ಒಂದೇ. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೋಗಿ ಮೂರು ರಾತ್ರಿ, ಅಲ್ಲಿಂದ ಸಿಂಗಾಪುರದಲ್ಲಿ ನಾಲ್ಕು ರಾತ್ರಿ, ವಾಪಸ್ಸು ಸಿಂಗಾಪುರದಿಂದಲೇ. ಸಿಂಗಾಪುರಕ್ಕೆ ಹೋಗಿ, ನಡುವೆ ಮಲೇಷ್ಯಾ ನೋಡಿ, ಮತ್ತೆ ಸಿಂಗಾಪುರಕ್ಕೆ ಬರುವ ಯೋಜನೆಯಲ್ಲಿ ಸಿಂಗಾಪುರದ ಗಡಿಯನ್ನು ಎರಡು ಸಲ ದಾಟಬೇಕು. ಗುಂಪಿನಲ್ಲಿ ಒಬ್ಬರ ವೀಸಾ ಒಂದೇ ಪ್ರವೇಶದ್ದಾಗಿದ್ದರೂ ಎಲ್ಲರ ಯೋಜನೆ ನಿಂತುಹೋಗುತ್ತದೆ.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಡ ಎಂದಿದೆ. ಈ ರಿಯಾಯಿತಿ 2026ರ ಡಿಸೆಂಬರ್ 31ರವರೆಗೆ ಇದೆ, ಆಮೇಲಿನ ಪ್ರಯಾಣವಾದರೆ ಟಿಕೆಟ್ ಕೊಳ್ಳುವ ಮೊದಲು ನೋಡಿಕೊಳ್ಳಿ. ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು. ಅಧಿಕೃತ ಏಜೆಂಟರ ಮೂಲಕ ಫಾರಂ 14ಎ, ಬಿಳಿ ಹಿನ್ನೆಲೆಯ 35×45 ಮಿಲಿಮೀಟರ್ ಫೋಟೊ, ಹೋಗಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್ ಕೊಡಬೇಕು. ಶುಲ್ಕ 30 ಸಿಂಗಾಪುರ ಡಾಲರ್, ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಏಜೆಂಟರ ಕೂಲಿ ಬೇರೆ. ಇಲ್ಲಿ ಗುಂಪನ್ನು ಸಂಸಾರವಾರು ಒಡೆಯಿರಿ. ಗಂಡ, ಹೆಂಡತಿ, ಮಕ್ಕಳ ಅರ್ಜಿ ಒಟ್ಟಿಗೆ, ಸ್ನೇಹಿತರದು ಬೇರೆ. ಒಬ್ಬರ ಕಾಗದದಲ್ಲಿ ಕೊರತೆ ಇದ್ದರೆ ಉಳಿದ ಹನ್ನೊಂದು ಜನರ ಅರ್ಜಿ ಕಾಯುತ್ತಾ ಕೂರಬಾರದು.

ಇದಲ್ಲದೆ ಎರಡೂ ದೇಶಗಳಿಗೆ ಆನ್‌ಲೈನ್ ಆಗಮನ ಕಾರ್ಡ್ ಇದೆ: ಮಲೇಷ್ಯಾಕ್ಕೆ ಎಂಡಿಎಸಿ, ಸಿಂಗಾಪುರಕ್ಕೆ ಎಸ್‌ಜಿ ಅರೈವಲ್ ಕಾರ್ಡ್. ಎರಡನ್ನೂ ತಲುಪುವ ದಿನಕ್ಕೆ ಮೂರು ದಿನದೊಳಗೆ ತುಂಬಬೇಕು, ಎರಡೂ ಉಚಿತ. ಹುಡುಕಿದಾಗ ಮೇಲೆಯೇ ಕಾಣುವ ಕೆಲವು ಜಾಲತಾಣಗಳು ಇದಕ್ಕೆ ದುಡ್ಡು ಕೇಳುತ್ತವೆ. ಅವು ಸರ್ಕಾರದ್ದಲ್ಲ. ಹನ್ನೆರಡು ಜನರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅವಧಿ, ಹುಟ್ಟಿದ ದಿನ, ಹೋಟೆಲಿನ ವಿಳಾಸ ಇಷ್ಟನ್ನೂ ಒಂದು ಶೀಟಿನಲ್ಲಿ ಇಟ್ಟುಕೊಂಡಿದ್ದರೆ ಒಂದು ಸಂಜೆಯ ಕೆಲಸ. ಸಿಂಗಾಪುರದ್ದನ್ನು ನಾನು ಕ್ವಾಲಾಲಂಪುರದ ಕೋಣೆಯಲ್ಲಿ ಕೂತು ತುಂಬುತ್ತೇನೆ.

ಟಿಕೆಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಪಿಎನ್‌ಆರ್‌ನಲ್ಲಿ ಸಾಮಾನ್ಯವಾಗಿ ಒಂಬತ್ತು ಜನರಿಗಷ್ಟೇ ಜಾಗ. ಹತ್ತು ಮುಟ್ಟಿದರೆ ಗ್ರೂಪ್ ಬುಕಿಂಗ್ ಅನ್ನುತ್ತಾರೆ, ಅದು ಅಗ್ಗವೇ ಆಗಿರಬೇಕೆಂದಿಲ್ಲ. ವಿಮಾನದ ಸೀಟುಗಳನ್ನು ಬೆಲೆಯ ಪದರಗಳಲ್ಲಿ ಮಾರುತ್ತಾರೆ. ಅಗ್ಗದ ಪದರದಲ್ಲಿ ಐದು ಸೀಟು ಉಳಿದಿದ್ದು ನೀವು ಒಂಬತ್ತು ಕೇಳಿದರೆ, ಒಂಬತ್ತಕ್ಕೂ ಮೇಲಿನ ಪದರದ ಬೆಲೆಯೇ ಬರುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ನಾಲ್ವರಿಗೆ, ಆಮೇಲೆ ಒಂಬತ್ತು ಜನರಿಗೆ ಬೆಲೆ ನೋಡುತ್ತೇನೆ. ತಲಾ ಬೆಲೆ ಎಲ್ಲಿ ಜಿಗಿಯುತ್ತದೋ ಅಲ್ಲಿ ಒಡೆಯುತ್ತೇನೆ. ಆದರೆ ಸಂಸಾರದೊಳಗೆ ಒಡೆಯುವುದಿಲ್ಲ. ಮಗು ಒಂದು ಪಿಎನ್‌ಆರ್, ತಾಯಿ ಇನ್ನೊಂದು ಎಂದಾದರೆ, ವಿಮಾನ ರದ್ದಾಗಿ ಕಂಪನಿ ಬೇರೆ ವಿಮಾನಕ್ಕೆ ಹಾಕುವಾಗ ಇಬ್ಬರನ್ನೂ ಸಂಬಂಧವಿಲ್ಲದವರಂತೆ ನೋಡುತ್ತದೆ. ಸಂಸಾರಕ್ಕೊಂದು ಪಿಎನ್‌ಆರ್ ಇದ್ದರೆ ಒಂದು ಮನೆಯವರು ಕೊನೆಗೆ ಬರಲಾಗದಿದ್ದಾಗ ಉಳಿದವರ ಟಿಕೆಟ್ ಮುಟ್ಟದೆಯೇ ರದ್ದು ಮಾಡಬಹುದು. ಕೈಗೂಸಿದ್ದರೆ ಹುಟ್ಟಿದ ದಿನ ನೋಡಿ. ವಾಪಸ್ ಬರುವಷ್ಟರಲ್ಲಿ ಎರಡು ವರ್ಷ ತುಂಬುವುದಾದರೆ ಆ ವಿಮಾನದಲ್ಲಿ ಮಗುವಿಗೆ ಸೀಟೇ ಕೊಳ್ಳಬೇಕು.

ಊಟ ಸೇರಿರುವ ಟಿಕೆಟ್ ಆದರೆ ಊಟದ ಸಂಕೇತ ಗಮನಿಸಿ. ಎಚ್‌ಎನ್‌ಎಂಎಲ್, ಅಂದರೆ ಹಿಂದೂ ಮೀಲ್, ಸಸ್ಯಾಹಾರವಲ್ಲ. ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ ಅಥವಾ ಕುರಿ ಇರಬಹುದು. ಮನೆಯ ಹಿರಿಯರಿಗೆ ಬೇಕಾದ್ದು ಎವಿಎಂಎಲ್, ಏಷ್ಯನ್ ವೆಜಿಟೇರಿಯನ್. ವಿಜಿಎಂಎಲ್ ತೆಗೆದುಕೊಂಡರೆ ಹಾಲು ಮೊಸರೂ ಇಲ್ಲದ, ಬೇಯಿಸಿದ ತರಕಾರಿ ಬರುವುದೇ ಹೆಚ್ಚು. ಹೊರಡುವುದಕ್ಕೆ 48 ಗಂಟೆ ಮೊದಲು ಇದನ್ನೂ, ವೀಲ್‌ಚೇರ್ ಬೇಡಿಕೆಯನ್ನೂ ಒಟ್ಟಿಗೆ ಹಾಕಿಬಿಡಿ. ವೀಲ್‌ಚೇರಿನಲ್ಲಿ ಹೋದವರನ್ನು ಸಿಬ್ಬಂದಿ ಬೇರೆ ದಾರಿಯಲ್ಲಿ, ಬೇರೆ ಸಾಲಿನಲ್ಲಿ ಕರೆದೊಯ್ಯುತ್ತಾರೆ, ಜೊತೆಗೆ ಹೆಚ್ಚೆಂದರೆ ಒಬ್ಬರನ್ನು ಬಿಡುತ್ತಾರೆ. ಹಾಗಾಗಿ ಅಜ್ಜನ ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಹೋಟೆಲ್ ವಿಳಾಸ, ಒಂದು ಹೊತ್ತಿನ ಮಾತ್ರೆ ಇರುವ ಚೀಲ ಅಜ್ಜನ ಕೊರಳಲ್ಲೇ ಇರಬೇಕು. ಮಗನ ಬ್ಯಾಗಿನಲ್ಲಿದ್ದರೆ ಇಮಿಗ್ರೇಷನ್ ಮೇಜಿನ ಮುಂದೆ ಅಜ್ಜ ಬರಿಗೈಯಲ್ಲಿ ಕೂತಿರುತ್ತಾರೆ.

ವಸತಿಯಲ್ಲಿ ಎರಡು ಊರಿಗೆ ಎರಡು ರೀತಿ. ಕ್ವಾಲಾಲಂಪುರದಲ್ಲಿ ಅಡುಗೆಮನೆ ಇರುವ, ಎರಡು ಮೂರು ಬೆಡ್‌ರೂಮಿನ ಸರ್ವಿಸ್ ಅಪಾರ್ಟ್‌ಮೆಂಟ್ ಧಾರಾಳ. ಎರಡು ಮನೆ ಒಂದೇ ಕಟ್ಟಡದಲ್ಲಿ ಹಿಡಿದರೆ ಬೆಳಗಿನ ಕಾಫಿ, ಉಪ್ಪಿಟ್ಟು ಅಲ್ಲೇ ಆಗುತ್ತದೆ. ವಿದೇಶಿಯರಿಗೆ ರಾತ್ರಿಗೆ ಕೋಣೆಯೊಂದಕ್ಕೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಬೀಳುತ್ತದೆ. ಸಿಂಗಾಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನುಬಾಹಿರ, ಆದ್ದರಿಂದ ಹೋಟೆಲೇ ಗತಿ. ಅಲ್ಲಿಯ ಕೋಣೆಗಳು ಸಣ್ಣವು. ಎಕ್ಸ್‌ಟ್ರಾ ಬೆಡ್ ಹಾಕಿದರೆ ಸೂಟ್‌ಕೇಸ್ ಬಿಚ್ಚಲು ನೆಲವೇ ಉಳಿಯುವುದಿಲ್ಲ. ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ಎಂಆರ್‌ಟಿ (ಅಲ್ಲಿಯ ಮೆಟ್ರೊ) ಸ್ಟೇಷನ್ ಹತ್ತಿರ ಉಳಿಯುವುದು ನನ್ನ ಆಯ್ಕೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದಿರುವ ಕೋಮಳ ವಿಲಾಸ್ ಇದೆ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂಟಿಆರ್ ಕೂಡ ಇದೆ. ಆ ಊರಿನ ರುಚಿ ನೋಡಬೇಕೆಂದು ಬಂದ ಚಿಕ್ಕವರು ಅತ್ತ ಹೋಗಲಿ, ಅಜ್ಜಿ ಇಲ್ಲಿ ಇಡ್ಲಿ ತಿನ್ನಲಿ. ಊಟದಲ್ಲಿ ಗುಂಪು ಒಡೆಯುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಹೊರಗೆ ತಿನ್ನುವ ಸಸ್ಯಾಹಾರಿಗಳು "ಮಾಂಸ ಬೇಡ" ಅಂದರೆ ಸಾಲದು. ಸಾಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಬೆಲಾಚಾನ್ ಎಂಬ ಸಿಗಡಿ ಪೇಸ್ಟ್ ಇರುತ್ತದೆ. ನಮ್ಮ ಪರೋಟದಂಥ ರೋಟಿ ಚನಾಯ್ ಜೊತೆ ಕೊಡುವ ಸಾರು ಮೀನಿನದ್ದಿರಬಹುದು, ಕೇಳಿಕೊಳ್ಳಿ. ಬೌದ್ಧ ಸಸ್ಯಾಹಾರದ ಅಂಗಡಿಗಳಲ್ಲಿ ಕಾಣುವ ಕೋಳಿ, ಮೀನು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು. ಹಿರಿಯರಿಗೆ ಇದನ್ನು ಮೊದಲೇ ಹೇಳಿ ಒಳಗೆ ಕರೆದೊಯ್ಯಿರಿ.

ಮನೆಯಿಂದ ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ಒಯ್ಯಲು ಅಡ್ಡಿಯಿಲ್ಲ. ಗಸಗಸೆ ಮಾತ್ರ ಬೇಡ, ಸಿಂಗಾಪುರದಲ್ಲಿ ಅದು ನಿಷಿದ್ಧ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೆಂಕಿಯ ಭಯಕ್ಕೆ ಚೆಕ್‌-ಇನ್ ಬ್ಯಾಗಿನಿಂದ ತೆಗೆಸುತ್ತಾರೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಔಷಧಿಗಳು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿಯೊಂದಿಗೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ರೆ ಮಾತ್ರೆಗಳಿಗೆ ಸಿಂಗಾಪುರದಲ್ಲಿ ಮುಂಚಿತವಾಗಿ ಅನುಮತಿ ಬೇಕು. ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಪ್ರೀಮಿಯಂ ಸ್ವಲ್ಪ ಕಡಿಮೆಯಾದೀತು, ಆದರೆ ಆಸ್ಪತ್ರೆಯ ಬಿಲ್ ಬಂದಾಗ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ದಿನದ ಯೋಜನೆಯಲ್ಲಿ ನನ್ನ ನಿಯಮ: ಒಟ್ಟಿಗೆ ಮಾಡುವುದು ದಿನಕ್ಕೆ ಒಂದೇ. ಕ್ವಾಲಾಲಂಪುರದ ಹತ್ತಿರದ ಬಾತು ಕೇವ್ಸ್ ಗುಹಾ ದೇವಸ್ಥಾನಕ್ಕೆ 272 ಮೆಟ್ಟಿಲು. ಹತ್ತುವವರು ಬೆಳಿಗ್ಗೆ ಬೇಗ ಹತ್ತಲಿ, ಮಂಡಿನೋವಿನವರಿಗೆ ಕೆಳಗೇ ಗುಡಿಗಳಿವೆ. ಯಾರು ಯಾವ ಗುಡಿಯ ಮುಂದೆ, ಎಷ್ಟು ಹೊತ್ತಿಗೆ ಸೇರಬೇಕು ಎಂಬುದನ್ನು ಹತ್ತುವ ಮೊದಲೇ ಹೇಳಿರಬೇಕು. ಸಿಂಗಾಪುರದಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಮಕ್ಕಳಿಗೆ ಇಡೀ ದಿನ ಬೇಕು. ಹಿರಿಯರಿಗೆ ಅಲ್ಲಿ ಬಿಸಿಲಿನಲ್ಲಿ ಬೆಂಚು ಹುಡುಕುವುದೇ ಕೆಲಸ, ಟಿಕೆಟ್ ದುಡ್ಡೂ ದಂಡ. ಅವರು ಬೆಳಿಗ್ಗೆ ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ, ಮಧ್ಯಾಹ್ನ ಕೋಣೆಯಲ್ಲಿ ಮಲಗಿ, ಸಂಜೆ ಗಾರ್ಡನ್ಸ್ ಬೈ ದ ಬೇಗೆ ಬರಲಿ. ಅಲ್ಲಿಯ ಸೂಪರ್‌ಟ್ರೀ ಎಂಬ ಮರದಾಕಾರದ ಗೋಪುರಗಳ ದೀಪದ ಪ್ರದರ್ಶನ 7.45ಕ್ಕೆ ಒಂದು, 8.45ಕ್ಕೆ ಇನ್ನೊಂದು. ಎಲ್ಲರೂ ಸೇರುವುದು ಎರಡನೆಯದಕ್ಕೆ ಎಂದಿಟ್ಟರೆ ತಡವಾದವರಿಗೂ ನೆಮ್ಮದಿ. ಬೆಂಗಳೂರಿನಿಂದ ರಾತ್ರಿ ವಿಮಾನ ಹತ್ತಿದರೆ ಬೆಳಿಗ್ಗೆ ಇಳಿಯುತ್ತೀರಿ, ಕೋಣೆ ಸಿಗುವುದು ಮೂರು ಗಂಟೆಗೆ. ಹಿರಿಯರಿಗಾದರೂ ಹಿಂದಿನ ರಾತ್ರಿಯಿಂದಲೇ ಒಂದು ಕೋಣೆ ಹಿಡಿಯಿರಿ. ಆ ಖರ್ಚಿಗೆ ಚೌಕಾಸಿ ಬೇಡ.

ಕ್ವಾಲಾಲಂಪುರದಿಂದ ಸಿಂಗಾಪುರ ಸುಮಾರು 350 ಕಿಲೋಮೀಟರ್, ಬಸ್ಸಿನಲ್ಲಿ ಐದಾರು ಗಂಟೆ. ಗಡಿಯಲ್ಲಿ ಎರಡು ಸಲ ಇಳಿಯಬೇಕು, ಸಿಂಗಾಪುರದ ಕಡೆ ಎಲ್ಲ ಸಾಮಾನೂ ಇಳಿಸಿ ತಪಾಸಣೆಗೆ ಒಯ್ಯಬೇಕು. ಶುಕ್ರವಾರ ಸಂಜೆ, ವಾರಾಂತ್ಯ ಅಲ್ಲಿ ನೂಕುನುಗ್ಗಲು. ಎಪ್ಪತ್ತು ದಾಟಿದವರಿದ್ದರೆ ಒಂದು ಗಂಟೆಯ ವಿಮಾನವೇ ಒಳ್ಳೆಯದು. ವಿಮಾನ ನಿಲ್ದಾಣದಿಂದ ವ್ಯಾನ್ ಹಿಡಿಯುವಾಗ 13 ಸೀಟರ್ ಅಂದರೆ 13 ಜನ, ಸಾಮಾನಿಗೆ ಜಾಗವಿಲ್ಲ. ಹನ್ನೆರಡು ಜನ, ಹನ್ನೆರಡು ಸೂಟ್‌ಕೇಸ್‌ಗೆ ಎರಡು ವಾಹನ ಹೇಳಿ. ಸಿಂಗಾಪುರದಲ್ಲಿ 1.35 ಮೀಟರಿಗಿಂತ ಕುಳ್ಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಟ್ಯಾಕ್ಸಿಗೆ ವಿನಾಯಿತಿ ಇದೆ, ಗ್ರ್ಯಾಬ್ ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರುಗಳಿಗೆ ಇಲ್ಲ. ಡ್ರೈವರ್ ಹತ್ತಿಸಿಕೊಳ್ಳದೆ ಹೋಗುವುದು ಇದೇ ಕಾರಣಕ್ಕೆ.

ಎಂಆರ್‌ಟಿಯಲ್ಲಿ ತಲೆಗೊಂದು ಕಾರ್ಡ್ ಬೇಕು, ಒಂದೇ ಕಾರ್ಡನ್ನು ಹಿಂದಿನವರಿಗೆ ದಾಟಿಸಿ ಬರುವಂತಿಲ್ಲ. ನಮ್ಮ ಬ್ಯಾಂಕ್ ಕಾರ್ಡ್ ತಾಗಿಸಿದರೂ ನಡೆಯುತ್ತದೆ, ಆದರೆ ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ. ಹಿರಿಯರಿಗೆ ಇಝೀ-ಲಿಂಕ್ ಎಂಬ, ಮೊದಲೇ ದುಡ್ಡು ತುಂಬಿಸುವ ಕಾರ್ಡ್ ಕೊಡಿಸಿಬಿಡಿ. 90 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಬೇಡ. ಎಲ್ಲರಿಗೂ ಬಾಯಿಪಾಠ ಆಗಿರಬೇಕಾದ ಒಂದು ಮಾತು: ಬಾಗಿಲು ಮುಚ್ಚಿ ಯಾರಾದರೂ ಹಿಂದುಳಿದರೆ, ರೈಲಿನಲ್ಲಿದ್ದವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕು, ಹಿಂದುಳಿದವರು ಮುಂದಿನ ರೈಲು ಹತ್ತಬೇಕು. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟರೆ ಮುಗಿಯಿತು. ಸ್ಟೇಷನ್ ಹೊರಗೆ ಸೇರುವುದಾದರೆ ಎಕ್ಸಿಟ್ ಯಾವ ಅಕ್ಷರದ್ದು ಎಂದೂ ಹೇಳಿ.

ದುಡ್ಡಿನ ಲೆಕ್ಕ ಎರಡು ಚೀಲ. ಟಿಕೆಟ್, ವೀಸಾ, ವಿಮೆ, ಶಾಪಿಂಗ್ ಅವರವರದು. ವ್ಯಾನ್, ಒಟ್ಟಿಗೆ ಹೋದ ಕಡೆಯ ಪ್ರವೇಶ, ಒಟ್ಟಿಗೆ ಉಂಡ ಊಟ ಸಾಮಾನ್ಯ ನಿಧಿಯಿಂದ. ಕೋಣೆಯ ಖರ್ಚನ್ನು ಕೋಣೆಯ ಲೆಕ್ಕದಲ್ಲೇ ಹಂಚಿ, ತಲೆ ಲೆಕ್ಕದಲ್ಲಿ ಬೇಡ. ಮಕ್ಕಳ ಪಾಲು, ಉದಾಹರಣೆಗೆ ಐದು ವರ್ಷದೊಳಗೆ ಇಲ್ಲ, ಹನ್ನೆರಡರವರೆಗೆ ಅರ್ಧ ಎಂಬುದನ್ನು ಮುಂಗಡ ಕೇಳುವಾಗಲೇ ಬರೆದು ಹಾಕಿ. ಅಂಗಡಿಯ ಕಾರ್ಡ್ ಯಂತ್ರ ರೂಪಾಯಿಯಲ್ಲಿ ಕಡಿಯಲೇ ಎಂದು ಕೇಳಿದರೆ ಬೇಡ ಅನ್ನಿ, ಅಲ್ಲಿಯ ಡಾಲರನ್ನೇ ಒತ್ತಿ. ಆ ಪರಿವರ್ತನೆಯ ದರ ಯಾವಾಗಲೂ ನಮಗೆ ನಷ್ಟದ್ದು. ಏಜೆನ್ಸಿಯ ಪ್ಯಾಕೇಜ್ ಕೊಳ್ಳುವವರು ಒಬ್ಬರೇ ಎಲ್ಲರ ಪರವಾಗಿ ದುಡ್ಡು ಕಟ್ಟಬೇಡಿ. ಟಿಸಿಎಸ್, ಅಂದರೆ ಪ್ಯಾಕೇಜ್ ಮಾರುವಾಗಲೇ ಏಜೆನ್ಸಿ ವಸೂಲಿ ಮಾಡುವ ಆದಾಯ ತೆರಿಗೆ, ದುಡ್ಡು ಕಟ್ಟಿದವರ ಪ್ಯಾನ್ ಮೇಲೆ ಬೀಳುತ್ತದೆ, ರಿಟರ್ನ್‌ನಲ್ಲಿ ವಾಪಸ್ ಕೇಳುವ ಹಕ್ಕೂ ಅವರೊಬ್ಬರದೇ ಆಗುತ್ತದೆ. ಸಂಸಾರಕ್ಕೊಬ್ಬರು ಅವರವರ ಪ್ಯಾನ್ ಕೊಟ್ಟು ಕಟ್ಟಲಿ. ದಿನದ ಖರ್ಚನ್ನು ಸ್ಪ್ಲಿಟ್‌ವೈಸ್ ಎಂಬ ಖರ್ಚು ಹಂಚುವ ಆ್ಯಪ್‌ಗೆ ಅದೇ ರಾತ್ರಿ ಏರಿಸಿ, ಊರಿಗೆ ಬಂದ ವಾರದೊಳಗೆ ಲೆಕ್ಕ ಚುಕ್ತಾ ಮಾಡಿ. ಉಳಿದ ರಿಂಗಿಟ್, ಡಾಲರನ್ನು ಯಾರು ಇಟ್ಟುಕೊಳ್ಳುತ್ತಾರೋ ಅವರ ಪಾಲಿನಿಂದ ಆ ದಿನದ ದರದಲ್ಲಿ ಕಳೆಯಿರಿ.